ಇಸ್ತ್ರಿ ಪೆಟ್ಟಿಗೆಯ ಮೂರನೆಯ ತಂತಿ

ಇಸ್ತ್ರಿ ಪೆಟ್ಟಿಗೆಯ ಪ್ಲಗ್ಗು ಕರಿಕಟ್ಟಿದರೆ ಅಥವಾ ಒಡೆದರೆ ಅದನ್ನು ಬದಲಾಯಿಸುವುದು ಕಷ್ಟದ ಕೆಲಸವೇನಲ್ಲ. ಸ್ಕ್ರೂಡ್ರೈವರು, ಚಾಕು ಮತ್ತು ಕಾಲು ಗಂಟೆಯ ಬಿಡುವು ಇದ್ದರೆ ಸಾಕು. ಆದರೆ ಈ ಸುಲಭದ ಕೆಲಸದಲ್ಲಿಯೇ ಒಂದು ಮೋಸ ಅಡಗಿದೆ. ವಯರಿನೊಳಗಿನ ಮೂರು ತಂತಿಗಳಲ್ಲಿ ಎರಡನ್ನು ಮಾತ್ರ ಜೋಡಿಸಿ ಮೂರನೆಯದನ್ನು ಕತ್ತರಿಸಿಬಿಟ್ಟರೂ ಪೆಟ್ಟಿಗೆ ಎಂದಿನಂತೆಯೇ ಕಾಯುತ್ತದೆ. ಬಟ್ಟೆಯ ಸುಕ್ಕು ಎಂದಿನಂತೆಯೇ ಹೋಗುತ್ತದೆ. ಕೆಲಸ ಕೆಟ್ಟಿದೆಯೆಂದು ಯಾರಿಗೂ ಅನಿಸುವುದಿಲ್ಲ.

ಆ ಮೂರನೆಯದೇ ಅರ್ತ್ ತಂತಿ. ಅದರ ಒಂದು ತುದಿ ಪೆಟ್ಟಿಗೆಯ ಲೋಹದ ಮೈಗೂ ಇನ್ನೊಂದು ತುದಿ ಗೋಡೆಯ ಸಾಕೆಟ್ಟಿನ ಮೂಲಕ ಭೂಮಿಗೂ ಸೇರಿರುತ್ತದೆ. ಪ್ರತಿನಿತ್ಯ ಅದಕ್ಕೆ ಕೆಲಸವಿಲ್ಲ. ಒಳಗಿನ ತಂತಿಯ ಹೊದಿಕೆ ಸವೆದು 230 ವೋಲ್ಟಿನ ವಿದ್ಯುತ್ತು ಲೋಹಕ್ಕೆ ತಗುಲಿದಾಗ, ಅದನ್ನು ನೆಲಕ್ಕಿಳಿಸಿ ಫ್ಯೂಸು ಸುಡುವಂತೆ ಮಾಡುವುದು ಈ ತಂತಿಯೇ. ಇದಿಲ್ಲದಿದ್ದರೆ ಪೆಟ್ಟಿಗೆಯನ್ನು ಮುಟ್ಟಿದವರ ದೇಹವೇ ವಿದ್ಯುತ್ತಿಗೆ ಹಾದಿಯಾಗುತ್ತದೆ. ಫ್ಯೂಸು ಸುಡಲು ಹಲವು ಆಂಪಿಯರ್ ಬೇಕು. ಹೃದಯದ ಬಡಿತ ತಪ್ಪಿಸಲು ಒಂದು ಆಂಪಿಯರಿನ ಹತ್ತನೆಯ ಒಂದು ಪಾಲು ಸಾಕು. ಒದ್ದೆ ನೆಲದ ಮೇಲೆ ಬರಿಗಾಲಿನಲ್ಲಿ ನಿಂತವರಿಗೆ ಅಪಾಯ ಇನ್ನೂ ಹೆಚ್ಚು.

ಕೆಲಸಕ್ಕೆ ಕೈಹಾಕುವ ಮುನ್ನ ಸ್ವಿಚ್ಚನ್ನು ಆರಿಸಿದರೆ ಸಾಲದು. ಪ್ಲಗ್ಗನ್ನು ಸಾಕೆಟ್ಟಿನಿಂದ ಹೊರತೆಗೆಯಬೇಕು. ಸುಟ್ಟ ಅಥವಾ ಸವೆದ ಭಾಗವನ್ನು ಪೂರ್ತಿಯಾಗಿ ಕತ್ತರಿಸಿ ಹೊಸ ತುದಿಯನ್ನು ಬಿಡಿಸಿಕೊಳ್ಳಬೇಕು. ಹಳೆಯ ವಯರುಗಳಲ್ಲಿ ಕೆಂಪು ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ತ್. ಹೊಸ ವಯರುಗಳಲ್ಲಿ ಕ್ರಮವಾಗಿ ಕಂದು, ನೀಲಿ ಮತ್ತು ಹಳದಿ ಪಟ್ಟೆಯ ಹಸಿರು. ಪ್ಲಗ್ಗಿನೊಳಗೆ ಎಲ್ ಎಂದಿರುವಲ್ಲಿ ಫೇಸ್, ಎನ್ ಎಂದಿರುವಲ್ಲಿ ನ್ಯೂಟ್ರಲ್, ದಪ್ಪ ಕಡ್ಡಿಯಿರುವ ಇ ಎಂಬಲ್ಲಿ ಅರ್ತ್ ಸೇರಬೇಕು. ಹಸಿರು ತಂತಿ ತಪ್ಪಿ ಎಲ್‌ಗೆ ಸೇರಿದರೆ ಪೆಟ್ಟಿಗೆಯ ಮೈಯೆಲ್ಲಾ ವಿದ್ಯುನ್ಮಯವಾಗುತ್ತದೆ.

ಎಳೆಗಳನ್ನು ಒಟ್ಟಾಗಿ ಹೊಸೆದು ತಿರುಪನ್ನು ಬಿಗಿಯಾಗಿ ಕೂಡಿಸಬೇಕು. ಸಡಿಲವಾದ ಜೋಡಣೆ ಕಾಯುತ್ತದೆ. ಪ್ಲಗ್ಗು ಕರಿಕಟ್ಟುವುದಕ್ಕೆ ಅದೇ ಸಾಮಾನ್ಯ ಕಾರಣ. ಹೊರಗೆ ಚಾಚಿದ ಒಂದೇ ಒಂದು ಎಳೆಯೂ ಪಕ್ಕದ ಕಡ್ಡಿಯನ್ನು ಮುಟ್ಟಬಾರದು. ಅರ್ತ್ ತಂತಿಯನ್ನು ಉಳಿದೆರಡಕ್ಕಿಂತ ತುಸು ಉದ್ದವಾಗಿ ಬಿಡುವುದು ಜಾಣತನ: ಯಾರಾದರೂ ವಯರನ್ನು ಜಗ್ಗಿದರೆ ಕೊನೆಗೆ ಕಳಚುವುದು ಅದೇ ಆಗಿರಬೇಕು. ಅರ್ತ್ ಕಡ್ಡಿಯನ್ನು ಉದ್ದವಾಗಿ ಮಾಡಿರುವುದೂ ಇದೇ ಉದ್ದೇಶದಿಂದ; ಅದು ಸಾಕೆಟ್ಟನ್ನು ಮೊದಲು ಸೇರಿ ಕೊನೆಗೆ ಬಿಡುತ್ತದೆ. ಪ್ಲಗ್ಗಿನ ಬಾಯಿಯಲ್ಲಿರುವ ಹಿಡಿಪಟ್ಟಿ ವಯರಿನ ಹೊರಗವಸನ್ನೇ ಹಿಡಿದಿರಬೇಕು, ಒಳಗಿನ ತಂತಿಗಳನ್ನಲ್ಲ.

1000 ವಾಟಿನ ಪೆಟ್ಟಿಗೆ ಸುಮಾರು 4.3 ಆಂಪಿಯರ್ ಎಳೆಯುವುದರಿಂದ 6 ಆಂಪಿಯರಿನ ಪ್ಲಗ್ಗು ಸಾಕು. 2000 ವಾಟಿನ ಉಗಿ ಇಸ್ತ್ರಿಗೆ 16 ಆಂಪಿಯರಿನದೇ ಬೇಕು. ಐ.ಎಸ್.ಐ. ಮುದ್ರೆಯನ್ನು ನೋಡಿ ಕೊಳ್ಳುವುದು ಲೇಸು.

ಪ್ಲಗ್ಗನ್ನು ಸರಿಯಾಗಿ ಜೋಡಿಸಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ: ಗೋಡೆಯ ಸಾಕೆಟ್ಟಿಗೆ ಅರ್ತ್ ನಿಜವಾಗಿಯೂ ಬಂದಿದೆಯೇ? ಮನೆಯಲ್ಲಿರುವ ಸಣ್ಣ ಟೆಸ್ಟರು ಫೇಸನ್ನು ತೋರಿಸೀತೇ ಹೊರತು ಅರ್ತನ್ನು ತೋರಿಸಲಾರದು. ಅದನ್ನು ಬಲ್ಲ ಎಲೆಕ್ಟ್ರಿಷಿಯನ್ನನಿಂದ ಒಮ್ಮೆ ಪರೀಕ್ಷೆ ಮಾಡಿಸಬೇಕು. ಹೊಸ ಪ್ಲಗ್ಗಿನೊಳಗಿನ ಹಸಿರು ತಂತಿಗೆ ಅರ್ಥ ಬರುವುದು ಆಗಲೇ.