ಹೆಸರು ಇರಲಿ, ಹಬ್ಬ ಬೇಡ

ಅಕ್ಟೋಬರ್ ತಿಂಗಳ ಎರಡನೆಯ ಸೋಮವಾರ ಅಮೆರಿಕದಲ್ಲಿ ಸರ್ಕಾರಿ ರಜೆ. ಅಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳಿಗೂ ನಮ್ಮ ಬಂಧುಗಳ ಮಕ್ಕಳಿಗೂ ಇದು ಗೊತ್ತಿರುವ ಸಂಗತಿ. ಕೆಲವರಿಗೆ ಅದು ಕೊಲಂಬಸ್ ದಿನ, ಕೆಲವರಿಗೆ ಮೂಲನಿವಾಸಿಗಳ ದಿನ. ದಿನ ಒಂದೇ, ಹೆಸರು ಎರಡು. ಒಂದು ಹೆಸರು ಕಡಲು ದಾಟಿ ಬಂದವನದು. ಇನ್ನೊಂದು, ಅವನು ಬಂದದ್ದರಿಂದ ನೆಲವನ್ನೂ ಜೀವವನ್ನೂ ಕಳೆದುಕೊಂಡವರದು. ಅದು ಅವರ ದೇಶದ ಜಗಳ, ಹೊಸಪೇಟೆಯಲ್ಲಿ ಕುಳಿತ ನಿಮಗೇಕೆ ಮೇಷ್ಟ್ರೇ ಎಂದು ನೀವು ಕೇಳಬಹುದು. ಕಾರಣವಿದೆ. ಅದೇ ಜಗಳ ನಮ್ಮ ಅಂಗಳದಲ್ಲಿಯೂ ನಡೆದಿದೆ. ಅಲ್ಲಿ ನಾವು ನ್ಯಾಯಾಧೀಶರಂತೆ ಮಾತನಾಡುತ್ತೇವೆ, ಇಲ್ಲಿ ಕಕ್ಷಿದಾರರಂತೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಪರರ ನೆಲವನ್ನು ಕತ್ತಿಯಿಂದಲೋ ಫಿರಂಗಿಯಿಂದಲೋ ಗೆದ್ದವನ ದಿನವನ್ನು ಯಾವ ಸರ್ಕಾರವೂ ಆಚರಿಸಬಾರದು, ಅದಕ್ಕಾಗಿ ರಜೆಯನ್ನೂ ಕೊಡಬಾರದು. ಅವನು ಪರಕೀಯನಾದರೂ ಅಷ್ಟೇ, ನಮ್ಮವನಾದರೂ ಅಷ್ಟೇ. ಅವನ ಹೆಸರು ಭೂಪಟದಲ್ಲಿ ಇರಲಿ, ಪಾಠದಲ್ಲಿ ಇರಲೇಬೇಕು. ಸರ್ಕಾರದ ರಜಾಪಟ್ಟಿಯಲ್ಲಿ ಮಾತ್ರ ಬೇಡ.

ಹೆಸರಿಗೂ ಹಬ್ಬಕ್ಕೂ ಇರುವ ವ್ಯತ್ಯಾಸವನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ನಮ್ಮ ಹೊಸಪೇಟೆಯ ರೈಲು ನಿಲ್ದಾಣಕ್ಕೆ ಹೋದರೆ ಸಾಕು. ಹೌರಾದಿಂದ ಗೋವೆಗೆ ಹೋಗುವ ಅಮರಾವತಿ ಎಕ್ಸ್‌ಪ್ರೆಸ್ಸಿನ ಡಬ್ಬಿಗಳ ಮೇಲೆ 'ವಾಸ್ಕೋ ಡ ಗಾಮಾ' ಎಂಬ ಹೆಸರನ್ನು ನೀವೆಲ್ಲರೂ ಓದಿದ್ದೀರಿ. ಸಂಡೂರಿನ ಗುಡ್ಡಗಳನ್ನು ಅಗೆದ ಅದಿರು ಮಾರ್ಮಗೋವಾ ಬಂದರಿಗೆ ಹೋದ ಹಾದಿಯೂ ಅದೇ. ಆ ಊರಿನ ಹೆಸರನ್ನು ಉಚ್ಚರಿಸಿ ಟಿಕೆಟು ಕೊಂಡವರಲ್ಲಿ ಯಾರೊಬ್ಬರೂ ಗಾಮಾನಿಗೆ ನಮಸ್ಕಾರ ಮಾಡಲಿಲ್ಲ. ಅದು ಒಂದು ವಿಳಾಸ, ಅಷ್ಟೇ.

ಆ ವಿಳಾಸದ ಒಡೆಯನು ಎಂಥವನು? 1498ರ ಮೇ ತಿಂಗಳಲ್ಲಿ ಕಲ್ಲಿಕೋಟೆಯ ಬಳಿಯ ಕಾಪ್ಪಾಡಿನಲ್ಲಿ ಇಳಿದ ನಾವಿಕ, ಹಿಂದಿರುಗುವಾಗ ನಮ್ಮ ಕಾರವಾರದ ಎದುರಿನ ಅಂಜದೀವ್ ದ್ವೀಪದಲ್ಲಿ ಹಡಗುಗಳನ್ನು ನಿಲ್ಲಿಸಿ ದುರಸ್ತಿ ಮಾಡಿಸಿಕೊಂಡ ಸಾಹಸಿ ಎಂಬುದನ್ನಷ್ಟೇ ಪಠ್ಯಪುಸ್ತಕಗಳು ಬಹುಕಾಲ ಹೇಳಿದವು. ಆತನು 1502ರಲ್ಲಿ ಎರಡನೆಯ ಸಲ ಬಂದ ಕಥೆಯನ್ನು ಹೇಳುವವರು ಕಡಿಮೆ. ಆ ಸಲ ಆತ ಮೆಕ್ಕಾ ಯಾತ್ರೆ ಮುಗಿಸಿ ಮರಳುತ್ತಿದ್ದ ಯಾತ್ರಿಕರ ಹಡಗೊಂದನ್ನು ಮಲಬಾರಿನ ಕಡಲಲ್ಲಿ ತಡೆದು, ಸರಕನ್ನು ಕಿತ್ತುಕೊಂಡು, ಹೆಂಗಸರು ಮಕ್ಕಳ ಸಮೇತ ಸುಟ್ಟುಹಾಕಿಸಿದ. ಇದನ್ನು ಬರೆದಿಟ್ಟವನು ಗಾಮಾನ ಶತ್ರುವಲ್ಲ. ಅದೇ ನೌಕಾಪಡೆಯಲ್ಲಿದ್ದು ಕಣ್ಣಾರೆ ಕಂಡ ತೊಮೆ ಲೋಪೆಸ್ ಎಂಬ ಪೋರ್ಚುಗೀಸನು.

ಗೋವೆಯವರು ಈ ಇತಿಹಾಸದೊಡನೆ ಹೇಗೆ ಬದುಕುತ್ತಿದ್ದಾರೆ ನೋಡಿ. ಊರಿನ ಹೆಸರು ವಾಸ್ಕೋ ಎಂದೇ ಉಳಿದಿದೆ. ಆದರೆ ಅವರು ಪ್ರತಿವರ್ಷ ಧ್ವಜ ಹಾರಿಸುವುದು ಡಿಸೆಂಬರ್ 19ರಂದು, 1961ರಲ್ಲಿ ಪೋರ್ಚುಗೀಸರ ಆಳ್ವಿಕೆಯಿಂದ ಬಿಡುಗಡೆ ಹೊಂದಿದ ದಿನದಂದು. 1998ರಲ್ಲಿ ಗಾಮಾನ ಆಗಮನಕ್ಕೆ ಐನೂರು ವರ್ಷ ತುಂಬಿದಾಗ ಅದನ್ನು ಸಂಭ್ರಮವಾಗಿ ಆಚರಿಸುವ ಮಾತು ಬಂತು. ಗೋವೆಯಲ್ಲಿಯೂ ಕೇರಳದಲ್ಲಿಯೂ ಜನರು ಪ್ರತಿಭಟಿಸಿದರು. ಹೆಸರನ್ನು ಸಹಿಸಿಕೊಂಡ ಜನ ಹಬ್ಬವನ್ನು ಸಹಿಸಲಿಲ್ಲ. ಹೆಸರು ಒಮ್ಮೆ ಆಗಿಹೋದ ಸಂಗತಿಯ ಗುರುತು. ಹಬ್ಬವಾದರೋ ಪ್ರತಿವರ್ಷ ಹೊಸದಾಗಿ ಮಾಡುವ ಪ್ರಶಂಸೆ. ಅದರ ಪೂಜೆಗೆ ತೆರಿಗೆದಾರನ ಹಣ, ಅದರ ಮುಂದೆ ಕೈಮುಗಿದು ನಿಲ್ಲಲು ಶಾಲೆಯ ಮಕ್ಕಳು.

ಈ ನಿಲುವಿಗೆ ಬರುವ ಆಕ್ಷೇಪಗಳು ಮೂರು. ಅವುಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು: ಅಂದಿನವರನ್ನು ಇಂದಿನ ಮಾನದಂಡದಿಂದ ಅಳೆಯಬಾರದು. ಒಪ್ಪೋಣ, ಅಂದಿನ ಮಾನದಂಡದಿಂದಲೇ ಅಳೆಯೋಣ. ಕೊಲಂಬಸನನ್ನು 1500ರಲ್ಲಿ ಬಂಧಿಸಿ, ಸಂಕೋಲೆ ತೊಡಿಸಿ ಸ್ಪೇನಿಗೆ ಕಳುಹಿಸಿದವನು ಅವನನ್ನು ನೇಮಿಸಿದ ಅದೇ ರಾಜಮನೆತನದ ಅಧಿಕಾರಿ. ಆಮೇಲೆ ಬಿಡುಗಡೆಯಾದರೂ ಗವರ್ನರ್ ಪದವಿ ಅವನಿಗೆ ಮರಳಿ ದೊರೆಯಲಿಲ್ಲ. ಅದೇ ದ್ವೀಪಗಳಿಗೆ 1502ರಲ್ಲಿ ಹೋದ ಲಾಸ್ ಕಾಸಾಸ್, ಮುಂದೆ ಪಾದ್ರಿಯಾಗಿ, ಸ್ಥಳೀಯರ ಮೇಲೆ ನಡೆದ ಕ್ರೌರ್ಯವನ್ನು ಗ್ರಂಥವಾಗಿಯೇ ಬರೆದು 1552ರಲ್ಲಿ ಅಚ್ಚು ಹಾಕಿಸಿದ. ಯಾತ್ರಿಕರ ಹಡಗನ್ನು ಸುಡುವುದು ತಪ್ಪೆಂದು ತಿಳಿಯಲು ಇಪ್ಪತ್ತೊಂದನೆಯ ಶತಮಾನವೇ ಬರಬೇಕಾಗಿರಲಿಲ್ಲ.

ಎರಡನೆಯದು: ರಜೆಯನ್ನು ತೆಗೆದರೆ ಇತಿಹಾಸವನ್ನು ಅಳಿಸಿದಂತೆ. ತರಗತಿಯಲ್ಲಿ ನಿಂತು ಪಾಠ ಹೇಳಿದವನಾಗಿ ನಾನು ಇದಕ್ಕೆ ಉತ್ತರ ಕೊಡಬಲ್ಲೆ. ಜಯಂತಿಯ ಮರುದಿನ ತರಗತಿಯಲ್ಲಿ, "ನಿನ್ನೆ ಯಾರ ಜಯಂತಿ, ಅವರು ಏನು ಮಾಡಿದರು?" ಎಂದು ಕೇಳಿ ನೋಡಬೇಕು. ನೀವೇ ಆ ಬೆಂಚುಗಳ ಮೇಲೆ ಕುಳಿತವರು, ಉತ್ತರ ಎಷ್ಟು ಬರುತ್ತಿತ್ತೆಂದು ನಿಮಗೇ ಗೊತ್ತು. ಹುಡುಗರಿಗೆ ಅದು ಕ್ರಿಕೆಟ್ಟಿನ ದಿನ ಅಥವಾ ತುಂಗಭದ್ರಾ ಕಾಲುವೆಯಲ್ಲಿ ಈಜುವ ದಿನ. ನಮಗೆ ಅದು ಪಟಕ್ಕೆ ಹಾರ ಹಾಕಿ, ಊದಿನಕಡ್ಡಿ ಹಚ್ಚಿ, ಹತ್ತು ನಿಮಿಷದ ಭಾಷಣ ಮುಗಿಸಿ ಮನೆಗೆ ಹೋಗುವ ದಿನ. ರಜೆ ಇತಿಹಾಸವನ್ನು ಕಲಿಸುವುದಿಲ್ಲ. ಹಾರದ ಹಿಂದೆ ಮುಖವನ್ನು ಮರೆಮಾಡುತ್ತದೆ.

ಮೂರನೆಯ ಆಕ್ಷೇಪವೇ ತೂಕದ್ದು: ಈ ದಿನಗಳು ತುಳಿತಕ್ಕೆ ಒಳಗಾದವರಿಗೆ ಗೌರವ ತಂದಿವೆ. ಸತ್ಯ. 1891ರಲ್ಲಿ ನ್ಯೂ ಆರ್ಲಿಯನ್ಸ್ ನಗರದಲ್ಲಿ ಹನ್ನೊಂದು ಮಂದಿ ಇಟಲಿ ಮೂಲದವರನ್ನು ಜನರ ಗುಂಪು ಕೊಂದುಹಾಕಿತು. ಮರುವರ್ಷ ಅಧ್ಯಕ್ಷ ಹ್ಯಾರಿಸನ್ ಕೊಲಂಬಸನ ನಾನೂರನೆಯ ವರ್ಷಾಚರಣೆಯನ್ನು ಘೋಷಿಸಿದಾಗ, ಹೀನಾಯವಾಗಿ ಕಾಣಲ್ಪಡುತ್ತಿದ್ದ ಇಟಲಿಯ ಬಡ ಕೂಲಿಕಾರರಿಗೆ ತಲೆಯೆತ್ತಿ ನಡೆಯಲು ಒಂದು ಹೆಸರು ದೊರೆಯಿತು. ಆ ನೋವು ನಿಜವಾದದ್ದು. ಆದರೆ ಅದಕ್ಕೆ ಸಲ್ಲಬೇಕಾಗಿದ್ದ ಔಷಧಿ ನ್ಯಾಯ, ಕೊಂದವರಿಗೆ ಶಿಕ್ಷೆ. ಅದನ್ನು ಕೊಡಲಾಗದ ಸರ್ಕಾರ ಸತ್ತ ನಾವಿಕನೊಬ್ಬನನ್ನು ಕೊಟ್ಟಿತು. ಒಬ್ಬರ ಗಾಯಕ್ಕೆ ಹಚ್ಚಿದ ಆ ಮುಲಾಮು ಇನ್ನೊಬ್ಬರ ಗಾಯಕ್ಕೆ ಉಪ್ಪಾಯಿತು.

ಈಗ ನಮ್ಮ ಅಂಗಳಕ್ಕೆ ಬರೋಣ. 2015ರ ನವೆಂಬರ್ 10ರಂದು ಕರ್ನಾಟಕ ಸರ್ಕಾರ ಮೊದಲ ಬಾರಿಗೆ ಟಿಪ್ಪು ಜಯಂತಿಯನ್ನು ಆಚರಿಸಿತು. ಅದಕ್ಕೆ ರಜೆ ಇರಲಿಲ್ಲ, ಆದರೆ ಸರ್ಕಾರದ ಮುದ್ರೆ ಇತ್ತು. ಆ ದಿನ ಮಡಿಕೇರಿಯಲ್ಲಿ ಗಲಭೆಯಾಗಿ ಜೀವಹಾನಿಯಾಯಿತು. 2019ರ ಜುಲೈ 30ರಂದು ಬೇರೊಂದು ಸರ್ಕಾರ ಆ ಆಚರಣೆಯನ್ನು ರದ್ದು ಮಾಡಿತು. ಅಮೆರಿಕದಲ್ಲಿಯೂ ಇದೇ ಆಟ: 2021ರಲ್ಲಿ ಅಧ್ಯಕ್ಷ ಬೈಡನ್ ಮೂಲನಿವಾಸಿಗಳ ದಿನವನ್ನೂ ಘೋಷಿಸಿದರು, 2025ರಲ್ಲಿ ಟ್ರಂಪ್ ಕೊಲಂಬಸ್ ದಿನವನ್ನಷ್ಟೇ ಘೋಷಿಸಿದರು. ಮಂತ್ರಿಮಂಡಲ ಬದಲಾದ ಹಾಗೆ ಪೂರ್ವಜರೂ ಬದಲಾಗುವುದಾದರೆ ಅದನ್ನು ಇತಿಹಾಸ ಎನ್ನಲು ಸಾಧ್ಯವೇ?

ಟಿಪ್ಪುವಿನ ವಿಷಯದಲ್ಲಿ ಎರಡೂ ಕಡೆಯವರು ಅರ್ಧ ಪುಟವನ್ನಷ್ಟೇ ಓದುತ್ತಾರೆ. 1791ರಲ್ಲಿ ಮರಾಠರ ದಂಡು ಶೃಂಗೇರಿಯ ಮಠವನ್ನು ಲೂಟಿ ಮಾಡಿದಾಗ, ಅಲ್ಲಿಯ ಸ್ವಾಮಿಗಳಿಗೆ ಕನ್ನಡದಲ್ಲಿ ಪತ್ರ ಬರೆದು, ದೇವಿಯ ಮರುಪ್ರತಿಷ್ಠೆಗೆ ನೆರವು ಕೊಟ್ಟವನು ಟಿಪ್ಪು. ಆ ಪತ್ರಗಳನ್ನು 1916ರಲ್ಲಿ ಬೆಳಕಿಗೆ ತಂದವರು ಮೈಸೂರಿನ ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು. ಕೊಡವರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದವನೂ ಅದೇ ಟಿಪ್ಪು. ಮೇಲುಕೋಟೆಯ ಮಂಡಯಂ ಅಯ್ಯಂಗಾರ್ಯರು ತಮ್ಮ ಹಿರಿಯರ ಹತ್ಯೆಯ ನೆನಪಿನಲ್ಲಿ ಇಂದಿಗೂ ನರಕ ಚತುರ್ದಶಿಯನ್ನು ಆಚರಿಸುವುದಿಲ್ಲ. ಬ್ರಿಟಿಷರೊಡನೆ ಹೋರಾಡಿ 1799ರ ಮೇ 4ರಂದು ಕೋಟೆಯಲ್ಲಿಯೇ ಮಡಿದವನೂ ಅವನೇ. ತರಗತಿಯಲ್ಲಿ ಈ ನಾಲ್ಕೂ ಸಂಗತಿಗಳನ್ನು ಒಂದೇ ಪಾಠದಲ್ಲಿ ಹೇಳಬಹುದು. ಜಯಂತಿಯ ವೇದಿಕೆಯಲ್ಲಿ ಎರಡನ್ನಷ್ಟೇ ಹೇಳಲು ಸಾಧ್ಯ. ವೇದಿಕೆಯ ಎದುರಿನ ಪ್ರತಿಭಟನೆಯಲ್ಲಿ ಉಳಿದೆರಡನ್ನು.

ಇಲ್ಲಿಗೆ ನಿಲ್ಲಿಸಿದರೆ ನನ್ನ ಮಾತು ಅರ್ಧ ಪ್ರಾಮಾಣಿಕವಾದೀತು. ಹಂಪಿಯ ಮಗ್ಗುಲಲ್ಲಿ ಬದುಕುವವನು ಶ್ರೀಕೃಷ್ಣದೇವರಾಯನನ್ನೂ ಇದೇ ತಕ್ಕಡಿಯಲ್ಲಿ ತೂಗಬೇಕು. ಅವನ ಪಟ್ಟಾಭಿಷೇಕದ 500ನೆಯ ವರ್ಷಾಚರಣೆ 2010ರಲ್ಲಿ ಹಂಪಿಯಲ್ಲಿ ನಡೆಯಿತು. ನಾವೆಲ್ಲ ಹೆಮ್ಮೆಪಟ್ಟೆವು. ಆದರೆ ಹಂಪಿಯ ಕೃಷ್ಣ ದೇವಾಲಯವನ್ನು ನೋಡಿದ್ದೀರಲ್ಲವೇ? ಗಜಪತಿಗಳ ಉದಯಗಿರಿಯನ್ನು ಗೆದ್ದು, ಅಲ್ಲಿಂದ ತಂದ ಬಾಲಕೃಷ್ಣನ ವಿಗ್ರಹವನ್ನು ಪ್ರತಿಷ್ಠಾಪಿಸಲು ರಾಯ ಕಟ್ಟಿಸಿದ ದೇಗುಲ ಅದು. ನಮಗೆ ಅದು ವಿಜಯ; ತನ್ನ ದೇವರನ್ನು ಕಳೆದುಕೊಂಡ ಊರಿಗೆ ಅದು ಏನು? ಆ ವಿಗ್ರಹ ಈಗ ಚೆನ್ನೈನ ವಸ್ತುಸಂಗ್ರಹಾಲಯದಲ್ಲಿದೆ. 1520ರ ರಾಯಚೂರು ಕದನದಲ್ಲಿ ರಾಯನಿಗೆ ನೆರವಾದವರಲ್ಲಿ ಪೋರ್ಚುಗೀಸ್ ಕೋವಿಗಾರರೂ ಇದ್ದರು ಎಂಬುದನ್ನು ಎಷ್ಟು ಭಾಷಣಗಳಲ್ಲಿ ಕೇಳಿದ್ದೀರಿ? ರಾಯ ಸಣ್ಣವನೆಂದು ನಾನು ಹೇಳುತ್ತಿಲ್ಲ. ಕೆರೆ ಕಾಲುವೆ ಕಟ್ಟಿಸಿದ, ಕವಿಗಳನ್ನು ಪೊರೆದ ದೊಡ್ಡ ಅರಸು ಅವನು. ನಾಳೆ ಯಾರಾದರೂ ಅವನ ಹೆಸರಿನಲ್ಲಿ ಸರ್ಕಾರಿ ರಜೆ ಕೇಳಿದರೆ, ಅದೂ ಬೇಡ ಎನ್ನುವುದು ನನ್ನ ನಿಲುವು. ಹಂಪಿ ಉತ್ಸವದ ಮಾತು ಬೇರೆ, ಎಂ. ಪಿ. ಪ್ರಕಾಶರು ರೂಪಿಸಿದ ಆ ಉತ್ಸವ ಒಂದು ನೆಲದ ಕಲೆಗಳ ಮೇಳ, ಒಬ್ಬನ ಪೂಜೆಯಲ್ಲ.

ಹಾಗಾದರೆ ಎಲ್ಲ ಜಯಂತಿಗಳನ್ನೂ ಎತ್ತಿಹಾಕಬೇಕೇ? ಇಲ್ಲ. ಪರೀಕ್ಷೆ ಸರಳವಾದದ್ದು: ಒಂದು ಮಗುವನ್ನು ಎದುರಿಗೆ ನಿಲ್ಲಿಸಿಕೊಂಡು "ನೀನು ಇವರಂತೆ ಬಾಳು" ಎಂದು ಯಾವ ಅಳುಕೂ ಇಲ್ಲದೆ ಹೇಳಬಲ್ಲೆವೇ? ಗಾಂಧೀಜಿ, ಅಂಬೇಡ್ಕರ್, ಬಸವಣ್ಣ ಇವರ ಬಗ್ಗೆ ವಾದಗಳಿರಬಹುದು. ಆದರೆ ಯಾರ ಊರನ್ನೂ ಅವರು ಸುಡಲಿಲ್ಲ. ಕನಕದಾಸರನ್ನು ನೋಡಿ. ಬಾಡದ ದಂಡನಾಯಕ ತಿಮ್ಮಪ್ಪನಾಯಕನಿಗೆ ನಾವು ರಜೆ ಕೊಟ್ಟಿಲ್ಲ. ಕತ್ತಿಯನ್ನು ಕೆಳಗಿಟ್ಟು ತಂಬೂರಿ ಹಿಡಿದ ಕನಕದಾಸರಿಗೆ ಕೊಟ್ಟಿದ್ದೇವೆ. ಕನ್ನಡಿಗರ ವಿವೇಕ ಆ ಒಂದು ರಜೆಯಲ್ಲಿದೆ.

ವೀರರನ್ನು ಮರೆಯಬೇಕೆಂದೂ ಇದರ ಅರ್ಥವಲ್ಲ. ಕಂಪ್ಲಿ, ಕುಮ್ಮಟ, ಸಂಡೂರು ಕಡೆಯ ಹೊಸಮಲೆ, ಈ ಸೀಮೆಯ ಗುಡ್ಡಗಳಿಗೆಲ್ಲ ಗಂಡುಗಲಿ ಕುಮಾರರಾಮನ ನೆನಪು ಅಂಟಿಕೊಂಡಿದೆ. 1327ರ ಸುಮಾರಿಗೆ ದೆಹಲಿಯ ದಂಡಿನೆದುರು ಕಂಪಿಲರಾಯನ ರಾಜ್ಯ ಅಳಿಯಿತು. ಮುಂದೆ ನಂಜುಂಡ ಕವಿ ಆ ಕಥೆಯನ್ನು ಸಾಂಗತ್ಯದಲ್ಲಿ ಹಾಡಿದ. ಜನಪದರು ತಮ್ಮ ತಮ್ಮ ಮಟ್ಟಿನಲ್ಲಿ ಹಾಡಿದರು. ಸೋತ ಆ ಕುಮಾರನನ್ನು ಜನ ನೆನೆದದ್ದು ಅವನು ಗೆದ್ದ ಊರುಗಳಿಗಾಗಿ ಅಲ್ಲ, ಪರನಾರೀ ಸಹೋದರ ಎಂಬ ಶೀಲಕ್ಕಾಗಿ. ಸುಮಾರು ಏಳು ಶತಮಾನ ಈ ನೆನಪು ಬಾಳಿದ್ದು ಯಾವ ಸುತ್ತೋಲೆಯಿಂದ? ಜನರು ಮನಸಾರೆ ನೆನೆಯುವವನಿಗೆ ಸರ್ಕಾರದ ಆದೇಶ ಬೇಕಾಗಿಲ್ಲ.

ಹೊರನಾಡಿಗರಿಗೂ ನಾವು ಋಣಿಗಳು. ವಿಜಯನಗರದ ಬೀದಿ, ಸಂತೆ, ಮಹಾನವಮಿಯ ವೈಭವ ನಮಗೆ ಕಣ್ಣಿಗೆ ಕಟ್ಟಿದಂತೆ ತಿಳಿದಿರುವುದು ಪಾಯೆಸ್ ಮತ್ತು ನೂನಿಜ್ ಎಂಬ ಪೋರ್ಚುಗೀಸರ ಬರೆಹಗಳಿಂದ; ನೂನಿಜ್ ಕುದುರೆ ವ್ಯಾಪಾರಿಯಾಗಿದ್ದ. 1900ರಲ್ಲಿ ರಾಬರ್ಟ್ ಸೆವೆಲ್ ಅವುಗಳನ್ನು ಇಂಗ್ಲಿಷಿಗೆ ತಂದ. ಹಂಪಿಯ ಮೊದಲ ನಕ್ಷೆ ಬರೆಸಿದ ಕಾಲಿನ್ ಮೆಕೆಂಜಿ 1799ರ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದ ಕಂಪನಿಯ ಸೈನ್ಯಾಧಿಕಾರಿ. ಇವರ ಋಣವನ್ನು ನಾವು ಓದಿ ತೀರಿಸುತ್ತಿದ್ದೇವೆ, ಹಾರ ಹಾಕಿ ಅಲ್ಲ. ಅರಸರಿಗೂ ಅಷ್ಟೇ ಸಾಕು.

ಆದ್ದರಿಂದ ಪ್ರಿಯ ವಿದ್ಯಾರ್ಥಿಗಳೇ, ಬಂಧುಗಳೇ, ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಅಮೆರಿಕದಲ್ಲಿರುವವರು ಆ ಸೋಮವಾರ ಮಕ್ಕಳಿಗೆ ದಿನದ ಎರಡೂ ಹೆಸರುಗಳ ಕಥೆ ಹೇಳಿ. ಇಲ್ಲಿರುವವರು ಯಾವುದಾದರೊಂದು ಭಾನುವಾರ ಮಕ್ಕಳನ್ನು ಕೃಷ್ಣ ದೇವಾಲಯಕ್ಕೆ ಕರೆದುಕೊಂಡು ಹೋಗಿ, ಅದರ ಚೆಲುವನ್ನೂ ತೋರಿಸಿ, ಉದಯಗಿರಿಯ ಕಥೆಯನ್ನೂ ಹೇಳಿ. ಮುಂದಿನ ಸಲ ಯಾವುದೇ ಪಕ್ಷದವರು ಯಾವುದೇ ಅರಸನ ಜಯಂತಿಗೆ ಸಹಿ ಸಂಗ್ರಹಿಸಲು ಬಂದರೆ, ಚಹಾ ಕೊಟ್ಟು ಸತ್ಕರಿಸಿ. ಸಹಿ ಮಾತ್ರ ಹಾಕಬೇಡಿ.