ಗೋಡೆಯ ಮೇಲೆ ಕೆತ್ತಿದ ಹೆಸರು

ಡಿಸೆಂಬರ್ ಬಂತೆಂದರೆ ಶಾಲೆಗಳಲ್ಲಿ ಪ್ರವಾಸದ ಗಡಿಬಿಡಿ. ಮೈಸೂರು, ಬೇಲೂರು, ಹಳೇಬೀಡು ಎಂದು ಬಸ್ಸುಗಳು ಹೊರಡುತ್ತವೆ. ಎಂಟನೇ ತರಗತಿಯ ಮಕ್ಕಳಿಗೆ ನಾನು, "ಒಂದು ಭಾನುವಾರ ಮಧುಗಿರಿ, ಶಿರಾ ನೋಡಿ ಬರೋಣ" ಎಂದಾಗ ಮುಖಗಳು ಸಪ್ಪಗಾದವು. "ಅಲ್ಲೇನಿದೆ ಸಾರ್?" ಎಂದು ಒಬ್ಬ ಕೇಳಿಯೇಬಿಟ್ಟ.

"ಲಾಲ್‌ಬಾಗ್ ನೋಡಿದವರು ಕೈ ಎತ್ತಿ" ಎಂದೆ. ಬಹುತೇಕ ಎಲ್ಲ ಕೈಗಳೂ ಮೇಲೆದ್ದವು. "ಖಾನ್ ಬಾಗ್?" ಒಂದು ಕೈಯೂ ಏಳಲಿಲ್ಲ.

1687ರಿಂದ 1757ರವರೆಗೆ ಶಿರಾ ಮೊಗಲರ ಒಂದು ಪ್ರಾಂತ್ಯದ ರಾಜಧಾನಿಯಾಗಿತ್ತು. ಅಲ್ಲಿನ ಖಾನ್ ಬಾಗ್ ತೋಟವೇ ಹೈದರಾಲಿ 1760ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಲಾಲ್‌ಬಾಗಿಗೆ ಪ್ರೇರಣೆ ಎಂಬ ಪ್ರತೀತಿಯಿದೆ. ಶಿರಾದ ಸುಬೇದಾರ ದಿಲಾವರ್ ಖಾನನ ಅರಮನೆ ಬೆಂಗಳೂರು ಮತ್ತು ಶ್ರೀರಂಗಪಟ್ಟಣದ ಅರಮನೆಗಳಿಗೆ ಮಾದರಿಯಾಯಿತೆಂದೂ ಹೇಳುತ್ತಾರೆ. ಮುಂದೆ ಟಿಪ್ಪು ಶ್ರೀರಂಗಪಟ್ಟಣದ ಗಂಜಾಂ ಪೇಟೆಯನ್ನು ತುಂಬಲು ಶಿರಾದಿಂದ 12,000 ಕುಟುಂಬಗಳನ್ನು ಕರೆದೊಯ್ದನೆಂದು ಹಳೆಯ ಗ್ಯಾಸೆಟಿಯರ್ ದಾಖಲಿಸಿದೆ. ಊರು ಬರಿದಾಯಿತು. ಆ ಅರಮನೆಯ ವೈಭವ ಇಂದಿಲ್ಲ, ತೋಟದ್ದೂ ಇಲ್ಲ. ಆದರೆ 1651ರ ಮಲಿಕ್ ರಿಹಾನ್ ಗೋರಿ, 1696ರ ಜುಮ್ಮಾ ಮಸೀದಿ ಈಗಲೂ ನಿಂತಿವೆ. ಏಕೆ?

ಅವು ಕಲ್ಲಿನವು. ನೋಡಿಕೊಳ್ಳುವವರಿಲ್ಲದಿದ್ದರೂ ಕಲ್ಲು ಬಹುಕಾಲ ತಾಳುತ್ತದೆ. ತೋಟ ಹಾಗಲ್ಲ. ಅದು ಜೀವಂತ ವಸ್ತು. ನಮ್ಮ ಬಯಲುಸೀಮೆಯ ಒಂದು ಬೇಸಿಗೆ ನೀರು ತಪ್ಪಿದರೆ ಸಾಕು. ಬ್ರಿಟನ್ನಿನ ವೇಲ್ಸ್ ನಾಡಿನಲ್ಲಿ ಬೋಡ್ನಂಟ್ ಎಂಬ ತೋಟವಿದೆ. 1874ರಲ್ಲಿ ಒಂದು ಮನೆತನ ಬೆಳೆಸತೊಡಗಿದ ಅದನ್ನು 1949ರಲ್ಲಿ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಗೆ ಒಪ್ಪಿಸಲಾಯಿತು. ನಮ್ಮ ಕಕ್ಕೆ ಹೂವಿನಂತೆ ಹಳದಿ ಗೊಂಚಲು ಬಿಡುವ ಲ್ಯಾಬರ್ನಮ್ ಗಿಡಗಳ ಚಪ್ಪರ ಅಲ್ಲಿ ಇಂದಿಗೂ ಅರಳುತ್ತದೆ. ಮಾಲೀಕರು ಬದಲಾದರೂ ನೀರೆರೆಯುವ ಕೈ ತಪ್ಪಲಿಲ್ಲ, ಅಷ್ಟೆ.

ಅಂತೂ ಮಕ್ಕಳು ಹೊರಟರು. ಬೆಳಿಗ್ಗೆ ಮಧುಗಿರಿ ಬೆಟ್ಟ. ಸಮುದ್ರಮಟ್ಟದಿಂದ ಸುಮಾರು 3,930 ಅಡಿ ಎತ್ತರದ ಈ ಬೆಟ್ಟ ನೆಲದಿಂದ ಎದ್ದುನಿಂತ ಒಂದೇ ಬಂಡೆಯಂತಿದೆ. ನಮ್ಮ ಸೀಮೆಯ ಇಂಥ ಬೆಟ್ಟಗಳ ಗ್ರಾನೈಟಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಅದರ ಮೈಮೇಲೆ ಪಾಳೆಯಗಾರರು ಕಟ್ಟಿದ ಕೋಟೆಯನ್ನು ಹೈದರಾಲಿ ಬಲಪಡಿಸಿದ.

ಮೇಲಿನ ಒಂದು ಪಾಳುಗೋಡೆಯ ಬಳಿ ನಾನು ನಿಂತುಬಿಟ್ಟೆ. ಗಾರೆಯ ಮೇಲೆ ಹತ್ತಾರು ಹೆಸರುಗಳು. ಅವುಗಳ ನಡುವೆ, ಮಾಸಿದ್ದರೂ ಓದಲು ಬರುವಂತೆ, ನನ್ನದೇ ಹೆಸರು, ಕೆಳಗೆ 1983. ಶಾಲೆಯ ಪ್ರವಾಸದಲ್ಲಿ ಕೈವಾರದ ಮೊನೆಯಿಂದ ನಾನೇ ಕೆತ್ತಿದ್ದು! ಒಬ್ಬ ಹುಡುಗಿ ಅದನ್ನು ಓದಿ ನನ್ನ ಮುಖ ನೋಡಿದಳು. ಸುಳ್ಳು ಹೇಳಲಾಗಲಿಲ್ಲ. "ಅಳಿಸಬಹುದಾ ಸಾರ್?" ಎಂದಳು.

ಆಗದು. ಸುಟ್ಟ ಸುಣ್ಣಕ್ಕೆ ನೀರು ಬೆರೆಸಿ, ಮರಳು ಸೇರಿಸಿ ಅರೆದರೆ ಗಾರೆ. ಬಳಿದ ಮೇಲೆ ಅದು ಗಾಳಿಯ ಇಂಗಾಲದ ಡೈಆಕ್ಸೈಡನ್ನು ನಿಧಾನವಾಗಿ ಹೀರಿ ಮತ್ತೆ ಸುಣ್ಣಕಲ್ಲಾಗುತ್ತದೆ. ಅದರ ಮೇಲ್ಪದರ ಒಮ್ಮೆ ಒಡೆದರೆ ಆ ಗೀರಿನಲ್ಲಿ ಮಳೆನೀರು ಇಳಿಯುತ್ತದೆ, ಹುಲ್ಲಿನ ಬೇರು ಸೇರುತ್ತದೆ, ಗಾರೆ ಹೊಪ್ಪಳೆಯಾಗಿ ಕಳಚುತ್ತದೆ. ಉಜ್ಜಿದರೆ ಇನ್ನಷ್ಟು ಹಾಳು. ನನ್ನ ಐದು ನಿಮಿಷದ ತುಂಟತನಕ್ಕೆ ಆ ಗೋಡೆ ನಾಲ್ಕು ದಶಕ ದಂಡ ತೆತ್ತಿದೆ. ಅದನ್ನು ಕಟ್ಟಿದ ಗಾರೆಯವನ ಹೆಸರು ಮಾತ್ರ ಅಲ್ಲೆಲ್ಲೂ ಇಲ್ಲ.

ಆ ದಿನ ಮಕ್ಕಳು ಗೋಡೆ ಮುಟ್ಟಲಿಲ್ಲ. ಹೆಸರಿನ ಜೊತೆಗೆ ಬಾಗಿಲ ಅಳತೆ, ಕಲ್ಲಿನ ಬಣ್ಣ, ನೀರಿನ ದೊಣೆಯ ಚಿತ್ರ ಎಲ್ಲವನ್ನೂ ತಮ್ಮ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಮಧ್ಯಾಹ್ನ ಶಿರಾದಲ್ಲಿ, "ಖಾನ್ ಬಾಗ್ ಯಾಕೆ ಉಳಿಸಿಕೊಳ್ಳಲಿಲ್ಲ ಸಾರ್?" ಎಂದು ಕೇಳಿದವನು, "ಅಲ್ಲೇನಿದೆ?" ಎಂದಿದ್ದ ಅದೇ ಹುಡುಗ.

ಪೋಷಕರಲ್ಲಿ ಒಂದು ಮಾತು. ಮಕ್ಕಳನ್ನು ಬೇಲೂರಿಗೆ ಖಂಡಿತ ಕಳಿಸಿ. ಅದಕ್ಕೆ ಮೊದಲು ಕೊರಟಗೆರೆ ತಾಲ್ಲೂಕಿನ ಚನ್ನರಾಯನದುರ್ಗ, ಪಾವಗಡದ ಕೋಟೆ, ಮಧುಗಿರಿ, ಶಿರಾ ಇವುಗಳಲ್ಲಿ ಒಂದಕ್ಕಾದರೂ ನೀವೇ ಕರೆದೊಯ್ಯಿರಿ. ಬುತ್ತಿ, ನೀರು, ಪೆನ್ಸಿಲ್, ಅಳತೆ ಟೇಪು ಇರಲಿ. ಬಿಸಿಲೇರುವ ಮುನ್ನ ಹತ್ತಿ. ಬಂಡೆ ಜಾರುತ್ತದೆ, ಮಳೆಯ ದಿನ ಬೇಡ. ಪೆನ್ಸಿಲ್ ಕಾಗದದ ಮೇಲಷ್ಟೇ ಆಡಲಿ. ಕೈವಾರವನ್ನು ಮನೆಯಲ್ಲೇ ಬಿಟ್ಟು ಬನ್ನಿ.