ಹಳೆಯ ಹಡಗಿನ ಕೊನೆಯ ಲೆಕ್ಕ ಯಾರದು?

ಹರಾಜಿನಲ್ಲಿ ಹಳೆಯ ಯಂತ್ರೋಪಕರಣಗಳನ್ನು ಕೊಂಡ ಅನುಭವವಿರುವ ನಮ್ಮ ಸದಸ್ಯರಿಗೆ ‘ಇದ್ದಂತೆ, ಇದ್ದಲ್ಲಿಯೇ’ ಎಂಬ ಷರತ್ತಿನ ಅರ್ಥವನ್ನು ವಿವರಿಸಬೇಕಾಗಿಲ್ಲ. ಕಾಗದಕ್ಕೆ ಸಹಿ ಬಿದ್ದ ಕ್ಷಣದಿಂದ ಸರಕಿನ ಗುಣದೋಷಗಳೆರಡೂ ಕೊಂಡವರ ಪಾಲಿಗೆ ಸೇರುತ್ತವೆ. 2024ರ ಜನವರಿಯಲ್ಲಿ ಸೇವೆಯಿಂದ ನಿವೃತ್ತವಾದ ಐಎನ್‌ಎಸ್ ಗುಲ್ದಾರ್ ನೌಕೆಯನ್ನು ಭಾರತೀಯ ನೌಕಾಪಡೆಯು 2025ರ ಫೆಬ್ರವರಿಯಲ್ಲಿ ನಮ್ಮ ಕಾರವಾರದಲ್ಲಿ ಮಹಾರಾಷ್ಟ್ರ ಪ್ರವಾಸೋದ್ಯಮ ಅಭಿವೃದ್ಧಿ ನಿಗಮಕ್ಕೆ ಇದೇ ಷರತ್ತಿನ ಮೇಲೆ ಹಸ್ತಾಂತರಿಸಿತು. ಸಿಂಧುದುರ್ಗ ಜಿಲ್ಲೆಯ ನಿವತಿ ಸಮೀಪದ ಕಡಲಿನಲ್ಲಿ ಅದನ್ನು ಮುಳುಗಿಸಿ, ಮೀನುಗಳಿಗೆ ಆಶ್ರಯವಾಗುವ ಕೃತಕ ಬಂಡೆಯನ್ನಾಗಿಯೂ ಸ್ಕೂಬಾ ಪ್ರವಾಸಿಗರಿಗೆ ನೀರೊಳಗಿನ ವಸ್ತುಸಂಗ್ರಹಾಲಯವನ್ನಾಗಿಯೂ ಮಾಡುವುದು ಯೋಜನೆಯ ಉದ್ದೇಶ.

ನಮ್ಮ ದೇಶಕ್ಕೆ ಈ ವಿಚಾರ ಹೊಸದು. ಆದರೆ ಕೆನಡಾ ದೇಶದ ಪಶ್ಚಿಮ ಕರಾವಳಿಯಲ್ಲಿ ಸಾಮಾನ್ಯ ನಾಗರಿಕರೇ ಕೈಯಿಂದ ಹಣ ಹಾಕಿ, ಬೆವರು ಸುರಿಸಿ ಇದೇ ಕಾರ್ಯವನ್ನು ಮೂರು ದಶಕಗಳಿಗೂ ಮೊದಲೇ ಆರಂಭಿಸಿದರು. ಅವರ ಸಾಧನೆ ಹಾಗೂ ಸಂಕಷ್ಟ ಎರಡರಲ್ಲಿಯೂ ವ್ಯಾಪಾರಿಗಳಾದ ನಾವು ಗಮನಿಸಬೇಕಾದ ಒಂದು ಲೆಕ್ಕವಿದೆ.

ಸ್ವಯಂಸೇವಕರ ಸಾಹಸ

ಬ್ರಿಟಿಷ್ ಕೊಲಂಬಿಯಾ ಕೃತಕ ಬಂಡೆ ಸಂಘವು 1986ರಲ್ಲಿ ವ್ಯಾಂಕೂವರ್ ನಗರದಲ್ಲಿ ಸ್ಥಾಪನೆಯಾದ ಲಾಭರಹಿತ ಸಂಸ್ಥೆ. ಹವ್ಯಾಸಿ ಮುಳುಗುಗಾರರೇ ಅದರ ಬೆನ್ನೆಲುಬು. 1991ರಲ್ಲಿ ಜಿ.ಬಿ. ಚರ್ಚ್ ಎಂಬ ಸರಕು ಹಡಗಿನಿಂದ ಆರಂಭವಾದ ಅವರ ಕಾರ್ಯ, ಕೆನಡಾದ ನಿವೃತ್ತ ಯುದ್ಧನೌಕೆಗಳಾದ ಶೋಡಿಯೇರ್ (1992), ಮೆಕೆಂಜಿ (1995), ಕೊಲಂಬಿಯಾ (1996), ಸಸ್ಕಾಚವಾನ್ (1997) ಹಾಗೂ ದುರಸ್ತಿ ನೌಕೆ ಕೇಪ್ ಬ್ರೆಟನ್ (2001) ಇವುಗಳೊಂದಿಗೆ ಮುಂದುವರಿಯಿತು. 2006ರಲ್ಲಿ ಬೋಯಿಂಗ್ 737 ವಿಮಾನವೊಂದನ್ನೂ ಚೆಮೇನಸ್ ಬಳಿ ಕಡಲಿಗಿಳಿಸಿದರು.

ಹಡಗನ್ನು ಮುಳುಗಿಸುವುದೆಂದರೆ ತಳಕ್ಕೆ ತೂತು ಹೊಡೆದು ಕೈತೊಳೆದುಕೊಳ್ಳುವುದೆಂದು ಯಾರೂ ಭಾವಿಸಬಾರದು. ತೊಟ್ಟಿಗಳಲ್ಲಿ ಉಳಿದ ಇಂಧನ, ಕೊಳವೆಗಳಲ್ಲಿನ ಎಣ್ಣೆ, ಕಲ್ನಾರಿನ ಹೊದಿಕೆ ಇವೆಲ್ಲವನ್ನೂ ಹೊರತೆಗೆಯಬೇಕು. ಒಂದು ಕಾಲದಲ್ಲಿ ಟ್ರಾನ್ಸ್‌ಫಾರ್ಮರ್ ಎಣ್ಣೆಯಲ್ಲಿ ಬಳಕೆಯಲ್ಲಿದ್ದ ಪಿಸಿಬಿ ಎಂಬ ವಿಷಕಾರಿ ರಾಸಾಯನಿಕವು ಹಳೆಯ ಹಡಗುಗಳ ವಿದ್ಯುತ್ ಕೇಬಲ್ಲುಗಳ ಹೊದಿಕೆಯಲ್ಲಿಯೂ ಅಡಗಿರುತ್ತದೆ. ಅದನ್ನು ಹುಡುಕಿ ತೆಗೆಯಬೇಕು. ಬಾಗಿಲುಗಳನ್ನು ಕಳಚಿ, ಒಳಹೊಕ್ಕ ಮುಳುಗುಗಾರರು ಬೆಳಕು ಕಂಡು ಹೊರಬರುವಂತೆ ಗೋಡೆಗಳಲ್ಲಿ ದೊಡ್ಡ ಕಿಂಡಿಗಳನ್ನು ಕೊರೆಯಬೇಕು. ಬಳಿಕ ಸರ್ಕಾರಿ ತಪಾಸಣೆ. ಅದರಲ್ಲಿ ಉತ್ತೀರ್ಣವಾದರಷ್ಟೇ ಸಮುದ್ರದಲ್ಲಿ ವಿಲೇವಾರಿ ಮಾಡುವ ಪರವಾನಗಿ. ಕೊನೆಯಲ್ಲಿ ಸ್ಫೋಟಕಗಳನ್ನು ಸಿಡಿಸಿದರೆ ಕೆಲವೇ ನಿಮಿಷಗಳಲ್ಲಿ ನೌಕೆ ತಳ ಸೇರುತ್ತದೆ. ಪ್ರೇಕ್ಷಕರು ಕಾಣುವುದು ಆ ಕೆಲವು ನಿಮಿಷಗಳನ್ನು. ಶ್ರಮವೆಲ್ಲ ಅದಕ್ಕಿಂತ ಹಿಂದಿನ ತಿಂಗಳುಗಳದು, ಕೆಲವೊಮ್ಮೆ ವರ್ಷಗಳದು.

ಈ ಖರ್ಚನ್ನು ಸಂಘವು ಹೇಗೆ ತೂಗಿಸುತ್ತದೆ? ದೇಣಿಗೆ ಒಂದು ದಾರಿ. ಕಳಚಿದ ತಾಮ್ರ, ಹಿತ್ತಾಳೆ ಮತ್ತಿತರ ಬಿಡಿಭಾಗಗಳ ಮಾರಾಟ ಇನ್ನೊಂದು. ಮೂರನೆಯದೇ ಎಲ್ಲಕ್ಕಿಂತ ದೊಡ್ಡದು: ರಜಾದಿನಗಳಲ್ಲಿ ಬಂದು ಕೂಲಿಯಿಲ್ಲದೆ ದುಡಿಯುವ ಕೈಗಳು. ಆ ಕೈಗಳ ಬೆಲೆ ಯಾವ ಖಾತೆಯಲ್ಲಿಯೂ ಜಮೆಯಾಗುವುದಿಲ್ಲ. ಹೋಲಿಕೆಗಾಗಿ ಹೇಳುವುದಾದರೆ, ಅಮೆರಿಕದಲ್ಲಿ 2006ರ ಮೇ 17ರಂದು ಪೆನ್ಸಕೋಲ ಬಳಿ ಮುಳುಗಿಸಲಾದ ಒರಿಸ್ಕನಿ ಎಂಬ ವಿಮಾನವಾಹಕ ನೌಕೆಯ ಯೋಜನೆಗೆ ಸುಮಾರು 2 ಕೋಟಿ ಡಾಲರ್ ವೆಚ್ಚವಾಯಿತು. ಅದು ತಳ ಸೇರಲು ತೆಗೆದುಕೊಂಡದ್ದು 37 ನಿಮಿಷ.

ಏಳು ವರ್ಷಗಳ ಪಾಠ

ಕೆನಡಾದ ಸಂಘಕ್ಕೆ ನಿಜವಾದ ಪರೀಕ್ಷೆ ಎದುರಾದದ್ದು ಅನಾಪೊಲಿಸ್ ಎಂಬ 113 ಮೀಟರ್ ಉದ್ದದ ಯುದ್ಧನೌಕೆಯ ವಿಷಯದಲ್ಲಿ. 2008ರಲ್ಲಿ ಕೊಂಡ ಈ ನೌಕೆಯಲ್ಲಿ ಮೊದಲ ಅಂದಾಜನ್ನು ಮೀರಿ ಪಿಸಿಬಿ ಇರುವುದು ಬೆಳಕಿಗೆ ಬಂದಿತು. ಅದನ್ನು ತೆಗೆಯುವವರೆಗೆ ಪರವಾನಗಿ ಇಲ್ಲ. ಪರವಾನಗಿ ಸಿಗುವವರೆಗೆ ಲಂಗರು ಹಾಕಿದ ಹಡಗಿನ ಕಾವಲು, ನಿರ್ವಹಣೆ ತಪ್ಪಿದ್ದಲ್ಲ. ಎಲ್ಲ ಮುಗಿಯಿತೆನ್ನುವಾಗ, ಹೊರಮೈಯ ಹಳೆಯ ಬಣ್ಣದಲ್ಲಿರುವ ವಿಷಾಂಶದ ಬಗ್ಗೆ ಆತಂಕಗೊಂಡ ಸ್ಥಳೀಯ ನಾಗರಿಕರು ನ್ಯಾಯಾಲಯದ ಮೆಟ್ಟಿಲೇರಿದರು. ಅವರ ಅರ್ಜಿ ವಜಾ ಆಗಿ, ಹಾಲ್ಕೆಟ್ ಕೊಲ್ಲಿಯಲ್ಲಿ ನೌಕೆ ಮುಳುಗಿದ್ದು 2015ರ ಏಪ್ರಿಲ್ 4ರಂದು. ಕೊಂಡದ್ದರಿಂದ ಮುಳುಗಿಸಿದ್ದರವರೆಗೆ ಏಳು ವರ್ಷ!

ನಮ್ಮಲ್ಲಿ ಯಾವುದೇ ಸಣ್ಣ ಕೈಗಾರಿಕೆಯ ಬಂಡವಾಳ ಏಳು ವರ್ಷ ಹೀಗೆ ಸಿಲುಕಿಕೊಂಡರೆ ಅದರ ಗತಿ ಏನೆಂಬುದನ್ನು ಊಹಿಸಬಹುದು. ಸ್ವಯಂಸೇವಕರು ಅದನ್ನು ತಾಳಿಕೊಂಡರು. ಇದು ಮೆಚ್ಚತಕ್ಕ ಸಂಗತಿಯೇ ಸರಿ. ಆದರೆ ಮೆಚ್ಚುಗೆಯಿಂದ ಸಾಲ ತೀರುವುದಿಲ್ಲ.

ಇಲ್ಲಿಯೇ ನನ್ನ ಮುಖ್ಯ ಅಭಿಪ್ರಾಯವನ್ನು ಸದಸ್ಯರ ಮುಂದಿಡಬಯಸುತ್ತೇನೆ. ಮುಳುಗಿದ ಹಡಗಿಗೆ ಟಿಕೆಟ್ ಕೌಂಟರ್ ಇರುವುದಿಲ್ಲ. ಅಲ್ಲಿಗೆ ಪ್ರವಾಸಿಗರನ್ನು ಕರೆದೊಯ್ಯುವ ದೋಣಿ ಮಾಲೀಕರು, ಆಮ್ಲಜನಕದ ಸಿಲಿಂಡರ್ ಎಂದು ಜನ ಕರೆಯುವ ಗಾಳಿಯ ಸಿಲಿಂಡರ್‌ಗಳನ್ನು ಬಾಡಿಗೆಗೆ ಕೊಡುವವರು, ವಸತಿಗೃಹ ಮತ್ತು ಹೋಟೆಲಿನವರು ವರ್ಷಾನುಗಟ್ಟಲೆ ಸಂಪಾದಿಸುತ್ತಾರೆ. ಹಡಗನ್ನು ತೊಳೆದು ಕಳಿಸಿದ ಸಂಘಕ್ಕೆ ಆ ಸಂಪಾದನೆಯಲ್ಲಿ ಹಕ್ಕಿನ ಪಾಲೇನೂ ಇಲ್ಲ. ವೆಚ್ಚ ಒಬ್ಬರದು, ಆದಾಯ ಇನ್ನೊಬ್ಬರದು ಎಂಬ ವ್ಯವಸ್ಥೆ ಉತ್ಸಾಹವಿರುವವರೆಗೆ ನಡೆದೀತು, ಉತ್ಸಾಹ ಕುಂದಿದ ದಿನ ನಿಂತೀತು. ಅದಕ್ಕಿಂತಲೂ ದೊಡ್ಡ ಅಪಾಯವೆಂದರೆ, ಹಣ ಸಾಲದಾದಾಗ ಮೊದಲು ಕತ್ತರಿ ಬೀಳುವುದು ಕಣ್ಣಿಗೆ ಕಾಣದ ಶುದ್ಧೀಕರಣದ ಮೇಲೆ.

ಅವಸರದ ಬೆಲೆ

ಫ್ಲಾರಿಡಾದ ಕೀ ಲಾರ್ಗೋದಲ್ಲಿ ಸ್ಪೀಗಲ್ ಗ್ರೋವ್ ನೌಕೆಯ ಯೋಜನೆಗೆ ಡೈವಿಂಗ್ ವ್ಯಾಪಾರಿಗಳ ಜೊತೆಗೆ ಅಲ್ಲಿನ ವಾಣಿಜ್ಯ ಮಂಡಳಿಯೇ ಹೆಗಲು ಕೊಟ್ಟಿತ್ತು. 2002ರ ಮೇ 17ರಂದು ಅದು ನಿಗದಿತ ವೇಳೆಗೆ ಮೊದಲೇ ತಾನಾಗಿ ಮುಳುಗತೊಡಗಿ, ತಲೆಕೆಳಗಾಗಿ ನಿಂತಿತು. ಮತ್ತೆ ಹಣ ಸುರಿದು ಅದನ್ನು ಪಕ್ಕಕ್ಕೆ ಮಲಗಿಸಬೇಕಾಯಿತು. 2005ರ ಜುಲೈನಲ್ಲಿ ಬೀಸಿದ ಡೆನ್ನಿಸ್ ಚಂಡಮಾರುತ ಅದನ್ನು ನೇರವಾಗಿ ನಿಲ್ಲಿಸಿತು! ಎಲ್ಲ ಉದ್ಯಮಿಗಳಿಗೂ ಇಂತಹ ಅದೃಷ್ಟ ಒದಗುವುದಿಲ್ಲ. ಅದೇ ನೌಕೆಯೊಳಗೆ 2007ರಲ್ಲಿ ಮೂವರು ಮುಳುಗುಗಾರರು ಪ್ರಾಣ ಕಳೆದುಕೊಂಡರು ಎಂಬುದನ್ನೂ ಮರೆಯಲಾಗದು.

ಇನ್ನೊಂದು ಉದಾಹರಣೆ ಇದಕ್ಕಿಂತ ಕಹಿ. 1972ರಲ್ಲಿ ಫ್ಲಾರಿಡಾದ ಫೋರ್ಟ್ ಲಾಡರ್‌ಡೇಲ್ ಎದುರಿನ ಕಡಲಿಗೆ ಸುಮಾರು 20 ಲಕ್ಷ ಹಳೆಯ ಟೈರುಗಳನ್ನು ಕಟ್ಟು ಕಟ್ಟಿ ಇಳಿಸಲಾಯಿತು. ಅಲ್ಲಿಯೂ ಸ್ವಯಂಸೇವಕರ ಉತ್ಸಾಹಕ್ಕೆ, ಸದುದ್ದೇಶಕ್ಕೆ ಕೊರತೆಯಿರಲಿಲ್ಲ. ಕಾಲಕ್ರಮದಲ್ಲಿ ಕಟ್ಟುಗಳು ಬಿಚ್ಚಿ, ಟೈರುಗಳು ಅಲೆಗಳೊಂದಿಗೆ ಉರುಳಿ, ಸಮೀಪದ ನಿಜವಾದ ಹವಳದ ದಿಬ್ಬಗಳನ್ನೇ ಘಾಸಿಗೊಳಿಸಿದವು. ಅವುಗಳನ್ನು ಮೇಲೆತ್ತಲು 2007ರಿಂದ ಸೇನೆಯ ಮುಳುಗುಗಾರರನ್ನು ತೊಡಗಿಸಬೇಕಾಯಿತು. ಅಗ್ಗದ ವಿಲೇವಾರಿಗೆ ಪರಿಸರದ ಹೆಸರಿಟ್ಟರೆ ಆಗುವ ನಷ್ಟಕ್ಕೆ ಇದು ಸಾಕ್ಷಿ.

ಆದ್ದರಿಂದ ವಿರೋಧಿಸುವವರ ಮಾತನ್ನು ತಳ್ಳಿಹಾಕಬಾರದು. ಕೃತಕ ಬಂಡೆಯಿಂದ ಮೀನಿನ ಸಂತತಿ ಹೆಚ್ಚುತ್ತದೆಯೋ ಅಥವಾ ಅಕ್ಕಪಕ್ಕದ ಮೀನುಗಳು ಒಂದೆಡೆ ಬಂದು ಸೇರುತ್ತವೆಯೋ ಎಂಬ ಚರ್ಚೆ ತಜ್ಞರಲ್ಲಿ ಹಿಂದಿನಿಂದಲೂ ಇದೆ. ಗುಜರಾತಿನ ಅಲಂಗ್ ಕಡಲತೀರದ ಹಡಗು ಒಡೆಯುವ ಉದ್ಯಮವನ್ನು ಬಲ್ಲ ನಮ್ಮ ಉಕ್ಕಿನ ವ್ಯಾಪಾರಿಗಳು, ಇಷ್ಟು ಟನ್ ಲೋಹವನ್ನು ನೀರಿಗೆ ಹಾಕುವುದೇಕೆ ಎಂದು ಕೇಳಿದರೆ ಅದೂ ನ್ಯಾಯವಾದ ಪ್ರಶ್ನೆಯೇ. ಗುಜರಿಯ ಬೆಲೆಯನ್ನು ಬಿಟ್ಟುಕೊಟ್ಟು, ಶುದ್ಧೀಕರಣದ ವೆಚ್ಚವನ್ನು ಹೊತ್ತ ಮೇಲೆಯೂ ಆ ಊರಿನ ವ್ಯಾಪಾರಕ್ಕೆ ಲಾಭ ಉಳಿಯುವುದಾದರೆ ಮಾತ್ರ ಹಡಗನ್ನು ಮುಳುಗಿಸಬೇಕು. ಹಾಗಲ್ಲದಿದ್ದರೆ ಅದು ಕುಲುಮೆಗೆ ಹೋಗುವುದೇ ಒಳಿತು.

ನಾವು ಕೇಳಬೇಕಾದದ್ದು

ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಸ್ಕೂಬಾ ಪ್ರವಾಸಿಗರನ್ನು ಕರೆದೊಯ್ಯುವ ವಹಿವಾಟು ಈಗಾಗಲೇ ನಮ್ಮ ಕರಾವಳಿಯಲ್ಲಿದೆ. ಗುಲ್ದಾರ್ ಯೋಜನೆಯನ್ನು ಕಂಡು ನಮಗೂ ಒಂದು ಹಡಗು ಬೇಕೆಂಬ ಬೇಡಿಕೆ ನಾಳೆ ಇಲ್ಲಿ ಎದ್ದರೆ ಆಶ್ಚರ್ಯವಿಲ್ಲ. ಆಗ ವಾಣಿಜ್ಯ ಸಂಸ್ಥೆಗಳು ಕೇಳಬೇಕಾದ ಪ್ರಶ್ನೆಗಳು ಮೂರು.

ಮೊದಲನೆಯದು, ಶುದ್ಧೀಕರಣಕ್ಕೆ ಬೇಕಾದ ಹಣ, ಅಂದಾಜು ಮೀರಿದಾಗಿನ ಹೆಚ್ಚುವರಿ ಹಣವೂ ಸೇರಿದಂತೆ, ಹಡಗು ಕೈಸೇರುವ ಮೊದಲೇ ಪ್ರತ್ಯೇಕ ಖಾತೆಯಲ್ಲಿ ಇದೆಯೇ? ಎರಡನೆಯದು, ಲಾಭ ಪಡೆಯುವ ದೋಣಿ, ಡೈವಿಂಗ್ ಹಾಗೂ ವಸತಿ ಉದ್ಯಮಗಳು ಪ್ರತಿ ಪ್ರವಾಸಿಗನ ಲೆಕ್ಕದಲ್ಲಿ ಒಂದು ಸಣ್ಣ ಮೊತ್ತವನ್ನು ನಿರ್ವಹಣೆಗೂ ಸುರಕ್ಷತೆಗೂ ಕಡ್ಡಾಯವಾಗಿ ಮೀಸಲಿಡಲು ಸಿದ್ಧವೇ? ಮೂರನೆಯದು, ಬಲೆ ಹಾಕುವ ಮೀನುಗಾರರನ್ನು ಸ್ಥಳ ನಿಗದಿಗೆ ಮುನ್ನವೇ ಕರೆದು ಕೇಳಲಾಗಿದೆಯೇ? ಅನಾಪೊಲಿಸ್ ವಿಷಯದಲ್ಲಿ ಅಕ್ಕಪಕ್ಕದವರ ಆತಂಕ ನ್ಯಾಯಾಲಯಕ್ಕೆ ಹೋದ ಮೇಲೆ ಇತ್ಯರ್ಥವಾಯಿತು. ಅಂತಹ ಮಾತುಕತೆ ಹಡಗು ಬರುವ ಮೊದಲೇ ಮುಗಿದಿದ್ದರೆ ಸಮಯವೂ ಸ್ನೇಹವೂ ಉಳಿಯುತ್ತವೆ.

ಕೂಲಿಯಿಲ್ಲದೆ ದುಡಿಯುವವರು ಸಮಾಜಕ್ಕೆ ಸಿಗುವುದು ಪುಣ್ಯ. ಅವರ ದುಡಿಮೆಯ ಮೇಲೆ ನಡೆಯುವ ವ್ಯಾಪಾರವು ಆ ದುಡಿಮೆಯನ್ನು ಪುಕ್ಕಟೆ ಎಂದು ಬಗೆಯಬಾರದು. ವ್ಯಾಪಾರದ ಮೊದಲ ಪಾಠವೇ ಜಮಾ ಬರೆದ ಕೈ ಖರ್ಚನ್ನೂ ಬರೆಯಬೇಕೆಂಬುದು. ಹಳೆಯ ಹಡಗಿನ ಕೊನೆಯ ಲೆಕ್ಕಕ್ಕೂ ಇದೇ ನಿಯಮ ಅನ್ವಯವಾಗಲಿ.